ಕದನವಿರಾಮ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ಹುಡುಗರಿಗೆ ನಾನು ಇತಿಹಾಸ ಹೇಳಿಕೊಡುತ್ತೇನೆ. 2025ರ ಮೇ 10ರ ಸಂಜೆ ಟಿವಿಯಲ್ಲಿ ಭಾರತ, ಪಾಕಿಸ್ತಾನದ ನಡುವೆ ‘ಕದನವಿರಾಮ’ ಅಂತ ಬಂತು ನೋಡಿ, ಆಮೇಲೆ ಒಂದು ವಾರ ಪಾಠವೇ ನಡೆಯಲಿಲ್ಲ. ಹಾವೇರಿ, ಗದಗ, ಹುಬ್ಬಳ್ಳಿಯಿಂದ ಬಂದ ಹುಡುಗ ಹುಡುಗಿಯರು ಕೇಳಿದ್ದೇ ಕೇಳಿದ್ದು. ಈಗಲೂ ಪ್ರತಿ ಹೊಸ ಬ್ಯಾಚು ಅದನ್ನೇ ಕೇಳುತ್ತದೆ. ಹೇಳಿ ಹೇಳಿ ಗಂಟಲು ಕಟ್ಟಿತು, ಅದಕ್ಕೇ ಬರೆದಿಟ್ಟಿದ್ದೇನೆ. ಪ್ರಶ್ನೆ ಎಲ್ಲ ಅವರವು.

ಕದನವಿರಾಮ ಅಂದ್ರೆ ಯುದ್ಧ ಮುಗಿಯಿತು ಅಂತ ಅಲ್ವಾ ಸರ್?

ಅಲ್ಲ. ಸಣ್ಣವರಿದ್ದಾಗ ಓಣಿಯಲ್ಲಿ ಮುಟ್ಟಾಟ ಆಡುವಾಗ ‘ಟೈಂಪ್ಲೀಸ್’ ಅನ್ನುತ್ತಿದ್ದಿರಲ್ಲ? ಚಪ್ಪಲಿ ಕಿತ್ತಿರುತ್ತಿತ್ತು, ಇಲ್ಲ ಅವ್ವ ಕರೆದಿರುತ್ತಿದ್ದಳು. ಆಟ ಮುಗಿದಿರಲಿಲ್ಲ, ಯಾರು ಔಟು ಅನ್ನೋದೂ ಬದಲಾಗಿರಲಿಲ್ಲ. ಇದೂ ಹಾಗೆಯೇ. ಗುಂಡು ನಿಲ್ಲುತ್ತದೆ, ಜಗಳ ನಿಲ್ಲುವುದಿಲ್ಲ.

ಹಾಗಾದರೆ ಕದನವಿರಾಮ, ಯುದ್ಧವಿರಾಮ ಒಪ್ಪಂದ, ಶಾಂತಿ ಒಪ್ಪಂದ, ಇವೆಲ್ಲ ಬೇರೆ ಬೇರೆನಾ?

ಪತ್ರಿಕೆಯವರು ಎಲ್ಲಕ್ಕೂ ಕದನವಿರಾಮ ಅಂತಲೇ ಬರೆಯುತ್ತಾರೆ, ಅದರಲ್ಲಿ ದೊಡ್ಡ ತಪ್ಪೇನಿಲ್ಲ. ಆದರೆ ಪರೀಕ್ಷೆಗೆ ವ್ಯತ್ಯಾಸ ಗೊತ್ತಿರಲಿ. ಒಂದು ಕಡೆಯ ಸೇನಾಧಿಕಾರಿ ಇನ್ನೊಂದು ಕಡೆಯವನ ಜೊತೆ ಮಾತಾಡಿ, ಹೆಣ ಎತ್ತುವುದಕ್ಕೋ ಗಾಯಾಳುಗಳನ್ನು ಸಾಗಿಸುವುದಕ್ಕೋ ನಾಲ್ಕು ತಾಸು ನಿಲ್ಲಿಸುವುದು ಒಂದು, ಅದು ಬರಿ ಕದನವಿರಾಮ. ಇಡೀ ಯುದ್ಧರಂಗದಲ್ಲಿ, ಬರೆದು ಸಹಿ ಹಾಕಿ ನಿಲ್ಲಿಸುವುದು ಇನ್ನೊಂದು, ಅದು ಯುದ್ಧವಿರಾಮ ಒಪ್ಪಂದ. ಗಡಿ, ಪರಿಹಾರ, ಕೈದಿಗಳು ಎಲ್ಲ ತೀರ್ಮಾನ ಆಗಿ ‘ಇನ್ನು ನಮ್ಮಿಬ್ಬರ ನಡುವೆ ಯುದ್ಧ ಇಲ್ಲ’ ಅನ್ನುವುದು ಶಾಂತಿ ಒಪ್ಪಂದ. ಮೊದಲೆರಡರಲ್ಲಿ ಕಾನೂನಿನ ಲೆಕ್ಕಕ್ಕೆ ಯುದ್ಧ ಇನ್ನೂ ಇದ್ದೇ ಇರುತ್ತದೆ.

ಯುದ್ಧ ಹೇಗೆ ನಡೆಸಬೇಕು ಅಂತ ದೇಶಗಳು ಒಪ್ಪಿಕೊಂಡ 1907ರ ಹೇಗ್ ನಿಯಮಗಳ 36ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಎಷ್ಟು ದಿನ ಅಂತ ಬರೆಯದೆ ಬಿಟ್ಟಿದ್ದರೆ ಯಾರು ಬೇಕಾದರೂ ಮತ್ತೆ ಶುರು ಮಾಡಬಹುದು. ಆದರೆ ಒಪ್ಪಿಕೊಂಡಷ್ಟು ಮುಂಚೆ ಎದುರಿನವರಿಗೆ ತಿಳಿಸಬೇಕು. ಮನೆ ಬಾಡಿಗೆ ಕರಾರಿನ ‘ಒಂದು ತಿಂಗಳ ನೋಟಿಸು’ ನೆನಪಾಯಿತಾ? ಅದೇ ಲೆಕ್ಕ.

ಇದು ಯಾವ ಕಾಲದಿಂದ ಇದೆ?

ಯುದ್ಧ ಇದ್ದಾಗಿನಿಂದ ಇರಬೇಕು. ಗ್ರೀಕರ ಒಲಿಂಪಿಕ್ ವಿರಾಮ ಎಲ್ಲರಿಗೂ ಗೊತ್ತು. ಆದರೆ ‘ಆಟಕ್ಕಾಗಿ ಯುದ್ಧಗಳೆಲ್ಲ ನಿಲ್ಲುತ್ತಿದ್ದವು’ ಅಂತ ಬರೆದರೆ ತಪ್ಪು. ಆಟಗಾರರು, ಯಾತ್ರಿಕರು ಸುರಕ್ಷಿತವಾಗಿ ಹೋಗಿಬರಬೇಕು, ಒಲಿಂಪಿಯಾ ಇದ್ದ ಎಲಿಸ್ ಸೀಮೆಯ ಮೇಲೆ ದಂಡೆತ್ತಿ ಬರಬಾರದು, ಅಷ್ಟೇ. ಅದನ್ನು ಮುರಿದರೆಂದು ಕ್ರಿ.ಪೂ. 420ರಲ್ಲಿ ಸ್ಪಾರ್ಟಾದವರಿಗೆ ದಂಡ ಹಾಕಿದರು. ಅವರು ಕಟ್ಟಲಿಲ್ಲ, ಆಟದಿಂದ ಹೊರಗಿಟ್ಟರು.

ಯುರೋಪಿನಲ್ಲಿ 11ನೇ ಶತಮಾನದಲ್ಲಿ ಚರ್ಚು ‘ದೇವರ ವಿರಾಮ’ ಅಂತ ತಂದಿತು. ಮೊದಲು ಶನಿವಾರ ಮಧ್ಯಾಹ್ನದ ಮೇಲಿನಿಂದ ಸೋಮವಾರ ಬೆಳಗಿನವರೆಗೆ, ಆಮೇಲೆ ಬುಧವಾರ ಸಂಜೆಯಿಂದಲೇ ಹೊಡೆದಾಟ ನಿಷೇಧ. ಅಂದರೆ ವಾರದಲ್ಲಿ ಬಡಿದಾಡಲು ಸಿಗುತ್ತಿದ್ದದ್ದು ಸೋಮವಾರ, ಮಂಗಳವಾರ, ಬುಧವಾರ ಮಾತ್ರ. ಪಾಳೆಗಾರರು ಎಷ್ಟು ಪಾಲಿಸಿದರು ಅನ್ನುವುದು ಬೇರೆ ಮಾತು.

ನಮ್ಮ ಕಡೆ ಈ ಪ್ರಶ್ನೆ ಬಂದರೆ ಹುಡುಗರು ಮಹಾಭಾರತ ಎತ್ತುತ್ತಾರೆ. ಎತ್ತಬೇಕಾದ್ದೇ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ನಾರಣಪ್ಪ ಹಾಡಿದ ಕಥೆಯಲ್ಲವೇ? ಹೊತ್ತು ಮುಳುಗಿದರೆ ಯುದ್ಧ ಬಂದ್ ಎಂಬ ನಿಯಮ ಎಲ್ಲರಿಗೂ ಗೊತ್ತು. 14ನೇ ದಿನ ಜಯದ್ರಥ ಸತ್ತ ಮೇಲೆ ಅದು ಮುರಿದು, ದೀವಟಿಗೆ ಹಿಡಿದು ರಾತ್ರಿಯೂ ಕಾದಿದರು ಎಂಬುದೂ ಗೊತ್ತು. ಆದರೆ ಅದೇ ರಾತ್ರಿ ಘಟೋತ್ಕಚ ಬಿದ್ದ ಮೇಲೆ ಏನಾಯಿತು? ವ್ಯಾಸರ ದ್ರೋಣಪರ್ವದಲ್ಲಿ ಇದೆ. ಎರಡೂ ಕಡೆಯವರು ನಿದ್ದೆಗಣ್ಣಲ್ಲಿ ತೂಗಾಡುತ್ತಿರುತ್ತಾರೆ. ಚಂದ್ರ ಮೂಡುವ ತನಕ ಎಲ್ಲರೂ ಇಲ್ಲೇ ಮಲಗಿ ಅಂತ ಅರ್ಜುನ ಕೂಗಿ ಹೇಳುತ್ತಾನೆ. ಕೌರವರೂ ಒಪ್ಪುತ್ತಾರೆ. ಆನೆ ಕುತ್ತಿಗೆ ಮೇಲೆ, ರಥದಲ್ಲಿ, ಬರಿ ನೆಲದಲ್ಲಿ, ಇದ್ದಲ್ಲೇ ಮಲಗುತ್ತಾರೆ. ಚಂದ್ರ ಮೂಡುತ್ತಾನೆ, ಎದ್ದು ಮತ್ತೆ ಕಡಿದಾಡುತ್ತಾರೆ. ಅಷ್ಟು ದೊಡ್ಡ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು. ಯಾವಾಗ ಶುರು, ಯಾವಾಗ ಮುಗಿಯುವುದು ಎರಡೂ ಸ್ಪಷ್ಟ. ಗಡಿಯಾರವೂ ಎರಡೂ ಕಡೆಗೆ ಒಂದೇ.

ಬಿಳಿ ಬಾವುಟ ತೋರಿಸಿದರೆ ಶರಣಾದ ಹಾಗಾ?

ಸಿನಿಮಾದಲ್ಲಿ ಹೌದು. ನಿಯಮದಲ್ಲಿ ಅದರ ಅರ್ಥ ‘ಮಾತಾಡಬೇಕು’ ಅಂತ. ಬಾವುಟ ಹಿಡಿದು ಬಂದವನನ್ನೂ ಅವನ ಜೊತೆ ಬಂದ ಕಹಳೆಯವನು, ದುಭಾಷಿ ಇವರನ್ನೂ ಮುಟ್ಟುವಂತಿಲ್ಲ. ಆದರೆ ಎದುರಿನ ಸೇನಾಪತಿ ಅವನನ್ನು ಬರಮಾಡಿಕೊಳ್ಳಲೇಬೇಕು ಅಂತೇನೂ ಇಲ್ಲ. ‘ಈಗ ಬೇಡ, ಹೋಗು’ ಅನ್ನಬಹುದು. ಬಿಳಿ ಬಾವುಟ ತೋರಿಸಿ ಮೋಸದಿಂದ ಕೊಂದರೆ ಅದು ಯುದ್ಧಾಪರಾಧ.

ನಮ್ಮ ಧಾರವಾಡದಲ್ಲಿ ಇಂಥದ್ದು ಏನಾದರೂ ನಡೆದಿದೆಯಾ?

ನಡೆದಿದೆ. ಈ ಪ್ರಶ್ನೆ ಬಂದ ದಿನ ಕ್ಲಾಸು ಮುಗಿಯೋದು ತಡ ಅಂತ ಹುಡುಗರಿಗೂ ಗೊತ್ತು.

ಮೂರನೇ ಮೈಸೂರು ಯುದ್ಧದ ಹೊತ್ತು. ಧಾರವಾಡದ ಕಿಲ್ಲೆ ಟೀಪುವಿನ ಕೈಯಲ್ಲಿತ್ತು. ಒಳಗೆ ಅವನ ಸರದಾರ ಬದ್ರುಜ್ಜಮಾನ್ ಖಾನ್. ಹೊರಗೆ ಪರಶುರಾಮ ಭಾವುವಿನ ಮರಾಠಾ ಪಡೆ, ಜೊತೆಗೆ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿ. 1790ರ ಸೆಪ್ಟೆಂಬರಿನಲ್ಲಿ ಮುತ್ತಿಗೆ ಹಾಕಿದವರು 1791ರ ಏಪ್ರಿಲ್ ತನಕ ಕೂತೇ ಇದ್ದರು. ಇನ್ನೂರು ದಿನ ಅಂತ ಇಟ್ಟುಕೊಳ್ಳಿ.

ಆ ಇಂಗ್ಲಿಷ್ ತುಕಡಿಯಲ್ಲಿ ಎಡ್ವರ್ಡ್ ಮೂರ್ ಎಂಬ ಎಳೆ ವಯಸ್ಸಿನ ಅಧಿಕಾರಿ ಇದ್ದ. ಅವನು ಬರೆದಿಟ್ಟದ್ದನ್ನು ಓದಿದರೆ ನಗು ಬರುತ್ತದೆ. ಮರಾಠರ ಗೋಲಂದಾಜರು ಒಂದು ತೋಪಿಗೆ ಮದ್ದು ತುಂಬುತ್ತಿದ್ದರಂತೆ. ಆಮೇಲೆ ಎಲ್ಲರೂ ಕೂತು ಅರ್ಧ ತಾಸು ಹೊಗೆ ಸೇದುತ್ತಾ ಹರಟೆ ಹೊಡೆಯೋದು. ಆಮೇಲೆ ಒಂದು ಗುಂಡು ಢಂ. ಗೋಡೆಯಿಂದ ಒಳ್ಳೆ ಧೂಳೆದ್ದರೆ ಸಾಕು, ಕೆಲಸ ಆಯಿತು. ಮತ್ತೆ ಮದ್ದು ತುಂಬೋದು, ಮತ್ತೆ ಹರಟೆ. ಮಧ್ಯಾಹ್ನ ಒಂದರಿಂದ ಮೂರು ಗಂಟೆ ತನಕವಂತೂ ಒಳಗಿನವರೂ ಹೊರಗಿನವರೂ ತೋಪು ಹಾರಿಸುವುದೇ ಅಪರೂಪ. ಅದು ಊಟದ ಹೊತ್ತು ಅಂತ ಎರಡೂ ಕಡೆಯವರು ಒಪ್ಪಿಕೊಂಡಂತಿತ್ತು ಎನ್ನುತ್ತಾನೆ ಮೂರ್.

ಗೊತ್ತಾಯಿತಲ್ಲ? ಸಹಿ ಇಲ್ಲ, ಬಾವುಟ ಇಲ್ಲ, ಮಧ್ಯಸ್ಥಗಾರ ಇಲ್ಲ. ಬಿಸಿಲು ಏರಿತು, ಹೊಟ್ಟೆ ಹಸಿಯಿತು, ನಿಲ್ಲಿಸಿದರು. ಮಧ್ಯಾಹ್ನ ಅಂಗಡಿಗೆ ಅರ್ಧ ಶಟರ್ ಎಳೆದು ಊಟಕ್ಕೆ ಹೋಗುವ ವ್ಯಾಪಾರಿಗಳು ಧಾರವಾಡದಲ್ಲಿ ಈಗಲೂ ಇದ್ದಾರೆ. ಅವರ ಮೇಲೆ ಸಿಟ್ಟು ಬಂದಾಗ ನನಗೆ ಈ ಮುತ್ತಿಗೆ ನೆನಪಾಗುತ್ತದೆ.

ಕೊನೆ ಮಾತ್ರ ನಗುವಂಥದ್ದಲ್ಲ. ಏಪ್ರಿಲ್‌ನಲ್ಲಿ ಒಳಗೆ ಎಲ್ಲ ಖಾಲಿಯಾಗಿ ಖಾನ್ ಮಾತುಕತೆಗೆ ಬಂದ. ಕಿಲ್ಲೆ ಬಿಟ್ಟುಕೊಡುತ್ತೇವೆ, ನಮ್ಮನ್ನು ಮರ್ಯಾದೆಯಿಂದ ಹೋಗಲು ಬಿಡಿ ಅಂತ. ಒಪ್ಪಂದ ಆಯಿತು, ಪಡೆ ಹೊರಗೆ ಬಂತು. ಆದರೆ ಹೊರಟವರ ಮೇಲೆ ಮರಾಠರು ಬಿದ್ದರು. ಖಾನ್ ಗಾಯಗೊಂಡು ಸೆರೆಯಾದ. ಒಪ್ಪಂದ ಆದಮೇಲೆ ಒಳಗಿನವರು ಮದ್ದಿಗೆ ನೀರು ಹಾಕಿ ಕೆಡಿಸಿದರು, ಮೊದಲು ಮಾತು ತಪ್ಪಿದವರು ಅವರೇ ಎಂಬುದು ಮರಾಠರ ದೂರು. ಯಾವ ಸಾಮಾನು ಯಾರಿಗೆ, ಯಾವ ಸ್ಥಿತಿಯಲ್ಲಿ ಒಪ್ಪಿಸಬೇಕು, ಪಡೆ ಎಷ್ಟು ದೂರ ಹೋಗುವ ತನಕ ಯಾರು ಕಾವಲು? ಇವೆಲ್ಲ ಮೊದಲೇ ಗಟ್ಟಿಯಾಗದಿದ್ದರೆ ಹೀಗೇ ಆಗುತ್ತದೆ. ಏಳು ತಿಂಗಳು ಬರಿ ಹೊಟ್ಟೆಯ ಮಾತಿನ ಮೇಲೆ ನಡೆದ ಮಧ್ಯಾಹ್ನದ ವಿರಾಮ ಉಳಿಯಿತು, ಬಾಯಿಬಿಟ್ಟು ಮಾಡಿಕೊಂಡ ಒಪ್ಪಂದ ಒಂದು ಹೊತ್ತಿಗೆ ಮುರಿಯಿತು.

ಕಿತ್ತೂರಿನಲ್ಲೂ ಹಾಗೇ ಆಯಿತಲ್ವಾ?

ಹೌದು, ಹತ್ತಿರ ಹತ್ತಿರ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಸತ್ತ. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಚೆನ್ನಮ್ಮನ ಸೆರೆ ಸಿಕ್ಕರು. ಆಮೇಲೆ ಒಂದು ತಿಂಗಳ ಮೇಲೆ ಗುಂಡಿಲ್ಲದ ಕಾಲ. ಕಮಿಷನರ್ ಚಾಪ್ಲಿನ್ ಕಡೆಯಿಂದ ಪತ್ರ ಬರೋದು, ಈ ಕಡೆಯಿಂದ ಉತ್ತರ ಹೋಗೋದು. ಅದೇ ಹೊತ್ತಿಗೆ ಸುತ್ತಲಿಂದ ಕಂಪನಿಯ ಪಡೆಗಳೂ ಬಂದು ಸೇರುತ್ತಿದ್ದವು. ಡಿಸೆಂಬರ್ ಮೊದಲಲ್ಲಿ ಸೆರೆಯವರನ್ನು ಬಿಟ್ಟರು. ಡಿಸೆಂಬರ್ 5ಕ್ಕೆ ಕೋಟೆ ಬಿತ್ತು. ಚಾಪ್ಲಿನ್ ಮಾತಿಗೆ ತಪ್ಪಿದ ಅಂತ ನಮ್ಮ ಕಡೆ ಲಾವಣಿಯಿಂದ ಹಿಡಿದು ಶಾಲೆ ನಾಟಕದ ತನಕ ಹೇಳುತ್ತಾರೆ. ನಾನು ಇಷ್ಟು ಹೇಳಬಲ್ಲೆ: ಬಿಡುವು ಯಾರಿಗೆ ಜಾಸ್ತಿ ಉಪಯೋಗ ಆಗುತ್ತಿದೆ ಅಂತ ಲೆಕ್ಕ ಹಾಕದೆ ಕೈಯಲ್ಲಿದ್ದ ಒತ್ತೆ ಬಿಡಬಾರದು.

ಹೆಣ ಎತ್ತೋಕೆ ಯುದ್ಧ ನಿಲ್ಲಿಸ್ತಾರೆ ಅಂದ್ರಿ. ನಿಜವಾಗಲೂ ನಿಲ್ಲಿಸಿದ್ದಾರಾ?

ಬಹಳ ಸಲ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ ತುರ್ಕಿಯ ಗಲಿಪೊಲಿಯಲ್ಲಿ ಮೇ 19ರ ದಾಳಿಯಲ್ಲಿ ಸುಮಾರು 3,000 ತುರ್ಕಿ ಸೈನಿಕರು ಸತ್ತು ಎರಡು ಕಂದಕಗಳ ನಡುವೆ ಬಿದ್ದಿದ್ದರು. ಅಲ್ಲಿಯ ಬಿಸಿಲಿಗೆ ವಾಸನೆ ತಡೆಯಲಾಗದೆ ಎರಡೂ ಕಡೆಯವರು ಮಾತಾಡಿ ಮೇ 24ರಂದು ಬೆಳಿಗ್ಗೆ 7.30ರಿಂದ ಸಂಜೆ 4.30ರ ತನಕ ನಿಲ್ಲಿಸಿದರು. ನಡುವೆ ಗೆರೆಯಂತೆ ಬಾವುಟ ನೆಟ್ಟರು. ಈ ಕಡೆಯವು ಇವರು, ಆ ಕಡೆಯವು ಅವರು ಹೂಳಿದರು. ಬೀಡಿ ಸಿಗರೇಟು ಕೊಟ್ಟು ತಗೊಂಡರು. ಸಂಜೆ ಮತ್ತೆ ಗುಂಡು ಶುರು.

ಅಮೆರಿಕದ ಅಂತರ್ಯುದ್ಧದಲ್ಲಿ ಕೋಲ್ಡ್ ಹಾರ್ಬರ್ ಅಂತ ಒಂದು ಜಾಗ. 1864ರ ಜೂನ್ 3ರ ದಾಳಿಯಲ್ಲಿ ಗಾಯಗೊಂಡ ಸಾವಿರಾರು ಮಂದಿ ಬಯಲಲ್ಲಿ ನೀರು ನೀರು ಅಂತ ಒರಲುತ್ತಿದ್ದರು. ಜನರಲ್ ಗ್ರಾಂಟ್ ಮತ್ತು ಜನರಲ್ ಲೀ ಪತ್ರದ ಮೇಲೆ ಪತ್ರ ಬರೆದರು. ಕೇಳುವ ಕ್ರಮ ಹೀಗಲ್ಲ ಹಾಗೆ, ಬಿಳಿ ಬಾವುಟ ಕಳಿಸಿಯೇ ಕೇಳಬೇಕು ಅಂತ ಲೀ. ಹಾಗೆ ಕೇಳಿದರೆ ಸೋತಂತೆ ಅಂತ ಗ್ರಾಂಟ್‌ಗೆ. ಕೊನೆಗೆ ಜೂನ್ 7ರ ಸಂಜೆ ಎರಡು ತಾಸು ನಿಲ್ಲಿಸಿದಾಗ ಎತ್ತಲು ಉಳಿದದ್ದು ಹೆಚ್ಚಾಗಿ ಹೆಣ. ಜೀವ ಇದ್ದವರು ಬೆರಳೆಣಿಕೆ.

1949ರ ಜಿನೀವಾ ಒಪ್ಪಂದದಲ್ಲಿ ಇದಕ್ಕೇ ಒಂದು ಕಲಮು ಇದೆ. ಸಾಧ್ಯವಾದಾಗಲೆಲ್ಲ ಗಾಯಾಳುಗಳನ್ನು ಎತ್ತಲು ಗುಂಡು ನಿಲ್ಲಿಸುವ ಏರ್ಪಾಡು ಮಾಡಿಕೊಳ್ಳಬೇಕು ಅಂತ.

1914ರ ಕ್ರಿಸ್‌ಮಸ್‌ಗೆ ಸೈನಿಕರು ಫುಟ್‌ಬಾಲ್ ಆಡಿದ್ದು ನಿಜಾನಾ?

ಕೆಲವು ಕಡೆ ಚೆಂಡು ಒದ್ದಿದ್ದಾರೆ. ಜಾಹೀರಾತಿನಲ್ಲಿ ತೋರಿಸುವ ಹಾಗೆ ದೊಡ್ಡ ಮ್ಯಾಚು ಅಲ್ಲ. ಬೆಲ್ಜಿಯಂ, ಫ್ರಾನ್ಸಿನ ಕಂದಕಗಳಲ್ಲಿ ಮುಖ್ಯವಾಗಿ ಜರ್ಮನ್ ಮತ್ತು ಬ್ರಿಟಿಷ್ ಸೈನಿಕರು ಹೊರಗೆ ಬಂದು ತಂಬಾಕು, ಗುಂಡಿ, ಟೊಪ್ಪಿಗೆ ಬದಲಾಯಿಸಿಕೊಂಡರು. ಸತ್ತವರನ್ನು ಹೂಳಿದ್ದು ಆಟಕ್ಕಿಂತ ದೊಡ್ಡ ಕೆಲಸ. ನಮ್ಮವರೂ ಅಲ್ಲಿದ್ದರು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. 39ನೇ ಗಢವಾಲ್ ರೈಫಲ್ಸ್‌ನ ಸೈನಿಕರೂ ಆ ದಿನ ಜರ್ಮನರ ಎದುರು ಹೋಗಿ ನಿಂತಿದ್ದರು. ಹಿಮಾಲಯದ ಹಳ್ಳಿಯ ಹುಡುಗ, ಯಾರದೋ ಹಬ್ಬ, ಯಾರದೋ ಯುದ್ಧ.

ಮೇಲಿನವರಿಗೆ ಇದು ಹಿಡಿಸಲಿಲ್ಲ. ಮುಂದಿನ ವರ್ಷ ಎರಡೂ ಕಡೆಯ ಸೇನಾಪತಿಗಳು ಕಟ್ಟಪ್ಪಣೆ ಹೊರಡಿಸಿದರು. ಆ ಪ್ರಮಾಣದಲ್ಲಿ ಅದು ಮತ್ತೆ ನಡೆಯಲಿಲ್ಲ.

1918ರಲ್ಲಿ ಬೆಳಿಗ್ಗೆ ಸಹಿ ಹಾಕಿ 11 ಗಂಟೆ ತನಕ ಯಾಕೆ ಕಾದರು?

ಫ್ರಾನ್ಸಿನ ಕಾಂಪಿಯೆನ್ ಕಾಡಿನಲ್ಲಿ ನಿಂತ ರೈಲು ಡಬ್ಬಿಯಲ್ಲಿ ನವೆಂಬರ್ 11ರಂದು ಬೆಳಗಿನ 5 ಗಂಟೆ ದಾಟಿದ ಮೇಲೆ ಸಹಿ ಆಯಿತು. ಗುಂಡು ನಿಲ್ಲಬೇಕಾದ್ದು 11ಕ್ಕೆ. ನೂರಾರು ಮೈಲಿ ಉದ್ದದ ಯುದ್ಧರಂಗದ ಕೊನೇ ಕಂದಕದ ತನಕ ಸುದ್ದಿ ಮುಟ್ಟಬೇಕಲ್ಲ, ಅದಕ್ಕೆ ಆರು ತಾಸು. ಕಾರಣ ಸರಿಯೇ. ಆದರೆ ಸುದ್ದಿ ಮುಟ್ಟಿದ ಕಡೆಯೂ ಕೆಲವು ಅಧಿಕಾರಿಗಳು ದಾಳಿ ನಿಲ್ಲಿಸಲಿಲ್ಲ. ಹೆನ್ರಿ ಗುಂಥರ್ ಎಂಬ ಅಮೆರಿಕನ್ ಸೈನಿಕ ಸತ್ತದ್ದು 10 ಗಂಟೆ 59 ನಿಮಿಷಕ್ಕೆ. ಆ ಒಂದು ದಿನದಲ್ಲೇ ಸುಮಾರು 2,700 ಮಂದಿ ಸತ್ತರು ಎಂಬ ಲೆಕ್ಕ ಇದೆ. ಮೂರು ದಿನ ಮುಂಚೆ ಜರ್ಮನಿಯ ಎರ್ಜ್‌ಬರ್ಗರ್, ಮಾತುಕತೆ ಮುಗಿಯುವ ತನಕ ತಾತ್ಕಾಲಿಕವಾಗಿ ನಿಲ್ಲಿಸೋಣ ಅಂತ ಕೇಳಿದ್ದ. ಎದುರು ಕಡೆಯ ಸೇನಾಪತಿ ಮಾರ್ಷಲ್ ಫೋಷ್ ಆಗಲ್ಲ ಅಂದ.

ಇನ್ನೊಂದು ವಿಷಯ. ಆ ಒಪ್ಪಂದ ಇದ್ದದ್ದು ಬರೀ 36 ದಿನಕ್ಕೆ. ಆಮೇಲೆ ಮತ್ತೆ ಮತ್ತೆ ಮುಂದುವರಿಸಿದರು. ಶಾಂತಿ ಒಪ್ಪಂದ ಆದದ್ದು 1919ರ ಜೂನ್ 28ಕ್ಕೆ, ವರ್ಸೇಲ್ಸ್‌ನಲ್ಲಿ. ಅದೇ ರೈಲು ಡಬ್ಬಿಯನ್ನು ಹಿಟ್ಲರ್ 1940ರಲ್ಲಿ ಹೊರಗೆಳೆಸಿ, ಅಲ್ಲೇ ಫ್ರಾನ್ಸಿನವರಿಂದ ಸಹಿ ಹಾಕಿಸಿಕೊಂಡ.

ಸುದ್ದಿ ತಡವಾಗಿ ಮುಟ್ಟಿ ಜನ ಸತ್ತ ಉದಾಹರಣೆ ನಮ್ಮ ದೇಶದಲ್ಲಿ ಇದೆಯಾ?

ಇದೆ. 1783ರ ಜನವರಿಯಲ್ಲಿ ಯುರೋಪಿನಲ್ಲಿ ಇಂಗ್ಲಿಷರೂ ಫ್ರೆಂಚರೂ ರಾಜಿ ಆದರು. ಹಡಗಿನಲ್ಲಿ ಆ ಸುದ್ದಿ ಇಲ್ಲಿಗೆ ಬರಲು ತಿಂಗಳುಗಟ್ಟಲೆ ಬೇಕಾಯಿತು. ಜೂನ್‌ನಲ್ಲಿ ಕಡಲೂರಿನ ಹತ್ತಿರ ನೆಲದಲ್ಲೂ ಸಮುದ್ರದಲ್ಲೂ ಇಬ್ಬರೂ ಬಡಿದಾಡುತ್ತಲೇ ಇದ್ದರು.

ಇದರ ಪೆಟ್ಟು ಕರ್ನಾಟಕಕ್ಕೂ ಬಿತ್ತು. ಟೀಪು ಆಗ ಮಂಗಳೂರಿಗೆ ಮುತ್ತಿಗೆ ಹಾಕಿದ್ದ, ಜೊತೆಗೆ ಫ್ರೆಂಚ್ ತುಕಡಿ ಇತ್ತು. ಸುದ್ದಿ ಬಂದ ಕೂಡಲೇ ‘ನಮ್ಮ ರಾಜನಿಗೂ ಅವರಿಗೂ ಈಗ ಜಗಳ ಇಲ್ಲ’ ಅಂತ ಫ್ರೆಂಚರು ಕೈ ತೊಳೆದುಕೊಂಡರು. ಟೀಪು ಉರಿದುಬಿದ್ದ. ಆಗಸ್ಟ್ ಹೊತ್ತಿಗೆ ಅವನೂ ಕದನವಿರಾಮಕ್ಕೆ ಒಪ್ಪಬೇಕಾಯಿತು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದ ಹಿನ್ನೆಲೆ ಇದು. ಪ್ರಶ್ನೆಪತ್ರಿಕೆಯಲ್ಲಿ ಬರೀ ಇಸವಿ ಕೇಳುತ್ತಾರೆ, ಪಾಪ.

ಕೊರಿಯಾ ಯುದ್ಧ ಇನ್ನೂ ಮುಗಿದಿಲ್ಲ ಅಂತಾರಲ್ಲ?

ಕಾಗದದ ಮೇಲೆ ಮುಗಿದಿಲ್ಲ. 1951ರ ಜುಲೈನಲ್ಲಿ ಮಾತುಕತೆ ಶುರುವಾಯಿತು, 1953ರ ಜುಲೈ 27ಕ್ಕೆ ಸಹಿ. ಎರಡು ವರ್ಷ ಮಾತು, ಎರಡು ವರ್ಷ ಗುಂಡು, ಎರಡೂ ಒಟ್ಟಿಗೆ. ಬೆಳಿಗ್ಗೆ 10ಕ್ಕೆ ಸಹಿ, ರಾತ್ರಿ 10ಕ್ಕೆ ಗುಂಡು ಬಂದ್. ಎರಡೂ ಸೇನೆ ತಲಾ 2 ಕಿ.ಮೀ. ಹಿಂದೆ ಸರಿದು, ನಡುವೆ 4 ಕಿ.ಮೀ. ಅಗಲದ ಪಟ್ಟಿ ಬಿಟ್ಟವು. ದಕ್ಷಿಣ ಕೊರಿಯಾ ಸಹಿಯನ್ನೇ ಹಾಕಲಿಲ್ಲ. ಶಾಂತಿ ಒಪ್ಪಂದ ಇವತ್ತಿಗೂ ಇಲ್ಲ. ಆದರೂ ಎಪ್ಪತ್ತು ವರ್ಷದ ಮೇಲಾಯಿತು, ಆ ಗೆರೆ ನಿಂತಿದೆ. ಯಾಕೆ ಅಂದರೆ ಗೆರೆ ಎಲ್ಲಿ ಅನ್ನೋದರಲ್ಲಿ ಗೊಂದಲ ಇಲ್ಲ.

ಅದರಲ್ಲಿ ನಮ್ಮ ಜನರಲ್ ತಿಮ್ಮಯ್ಯನವರ ಪಾತ್ರ ಏನು?

ಮಾತುಕತೆ ಅಷ್ಟು ದಿನ ಎಳೆದದ್ದೇ ಯುದ್ಧಕೈದಿಗಳ ವಿಷಯಕ್ಕೆ. 22,000ಕ್ಕೂ ಹೆಚ್ಚು ಕೈದಿಗಳು ನಾವು ನಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂದರು. ನಿಜವಾಗಿ ಅವರ ಮನಸ್ಸೇ ಅದಾ, ಯಾರಾದರೂ ಹೆದರಿಸಿದ್ದಾರಾ ಅಂತ ನೋಡಲು ಐದು ದೇಶಗಳ ಆಯೋಗ ಆಯಿತು. ಅದರ ಅಧ್ಯಕ್ಷರು ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಕೈದಿಗಳ ಕಾವಲಿಗೆ ಭಾರತದ ಪಡೆ ಹೋಯಿತು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಭಾರತದ ಸೈನಿಕರು ನನ್ನ ನೆಲ ಮೆಟ್ಟಬಾರದು ಅಂದ. ಹಡಗಿನಿಂದ ಇಳಿಸಿ ಹೆಲಿಕಾಪ್ಟರ್‌ನಲ್ಲೇ ಕೂರಿಸಿ ಆ ನಡುವಿನ ಪಟ್ಟಿಗೆ ಒಯ್ದು ಬಿಟ್ಟರು. ತಿಮ್ಮಯ್ಯನವರು ತೀರಿಕೊಂಡದ್ದೂ ಇಂಥದ್ದೇ ಇನ್ನೊಂದು ಗೆರೆಯ ಕಾವಲಿನಲ್ಲಿ. 1965ರ ಡಿಸೆಂಬರ್, ಸೈಪ್ರಸ್, ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗ.

ಭಾರತ, ಪಾಕಿಸ್ತಾನದ ನಡುವೆ ಎಷ್ಟು ಸಲ ಆಗಿದೆ? ದಿನಾಂಕ ಹೇಳಿ ಸರ್, ಬರಕೋತೀವಿ.

ಬರಕೊಳ್ಳಿ. ಮೊದಲನೆಯದು 1949ರ ಜನವರಿ 1, ಮಧ್ಯರಾತ್ರಿಗೆ ಒಂದು ನಿಮಿಷ ಇದ್ದಾಗ. ಅದರ ಗೆರೆ ಎಳೆದದ್ದು ಅದೇ ವರ್ಷ ಜುಲೈ 27ರ ಕರಾಚಿ ಒಪ್ಪಂದದಲ್ಲಿ. ಎರಡನೆಯದು 1965ರ ಸೆಪ್ಟೆಂಬರ್ 23, ಬೆಳಗಿನ ಜಾವ 3.30. ತಾಷ್ಕೆಂಟ್ ಒಪ್ಪಂದ 1966ರ ಜನವರಿ 10, ಮರುದಿನ ಶಾಸ್ತ್ರಿಯವರು ಹೋದರು. 1971ರಲ್ಲಿ ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಪಡೆ ಶರಣಾಯಿತು, ಪಶ್ಚಿಮದಲ್ಲಿ 17ರ ರಾತ್ರಿ 8ಕ್ಕೆ ಭಾರತವೇ ಮುಂದಾಗಿ ನಿಲ್ಲಿಸಿತು. ಶರಣಾಗತಿ ಬೇರೆ, ಕದನವಿರಾಮ ಬೇರೆ ಅನ್ನಲು ಆ ಎರಡು ದಿನಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1972ರ ಶಿಮ್ಲಾ ಒಪ್ಪಂದದಲ್ಲಿ ಆ 17ರ ಕದನವಿರಾಮದ ಗೆರೆಗೆ ‘ನಿಯಂತ್ರಣ ರೇಖೆ’ ಅಂತ ಹೆಸರಾಯಿತು. 2003ರ ನವೆಂಬರ್ 25ರ ಮಧ್ಯರಾತ್ರಿಯಿಂದ ಗಡಿಯುದ್ದಕ್ಕೂ ನಿಲ್ಲಿಸಿದರು, ಕ್ರಮೇಣ ಸಡಿಲವಾಯಿತು. 2021ರ ಫೆಬ್ರವರಿ 25ಕ್ಕೆ ಮತ್ತೆ ಗಟ್ಟಿ ಮಾಡಿದರು. 2025ರ ಮೇ 10ರಂದು ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮುಖ್ಯಸ್ಥರು ಫೋನ್ ಮಾಡಿದರು, ಸಂಜೆ 5ರಿಂದ ನಿಲ್ಲಬೇಕು ಅಂತ ಮಾತಾಯಿತು. ಆ ರಾತ್ರಿ ಉಲ್ಲಂಘನೆ ಆಯಿತು, ಆಮೇಲೆ ತಣ್ಣಗಾಯಿತು.

1962ರದ್ದು ಸೇರಿಸಬೇಡಿ. ಅದು ಚೀನಾ, ನವೆಂಬರ್ 21ಕ್ಕೆ ತಾನಾಗಿ ಘೋಷಿಸಿದ್ದು.

ಬೆಟದೂರಿನ ಹನುಮಂತಪ್ಪ ಸತ್ತದ್ದು ಯುದ್ಧದಲ್ಲಾ, ಕದನವಿರಾಮದಲ್ಲಾ?

ಈ ಪ್ರಶ್ನೆ ಕೇಳಿದ್ದು ಕುಂದಗೋಳ ಕಡೆಯ ಹುಡುಗಿ. ಕ್ಲಾಸು ಒಂದು ನಿಮಿಷ ಸುಮ್ಮನಾಯಿತು.

ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಕುಂದಗೋಳ ತಾಲ್ಲೂಕಿನ ಬೆಟದೂರಿನವರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,000 ಅಡಿಗೂ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಹತ್ತು ಮಂದಿ ಅಡಿಯಲ್ಲಿ ಸಿಕ್ಕರು. ಆರು ದಿನದ ಮೇಲೆ ಇವರೊಬ್ಬರು ಜೀವಂತ ಸಿಕ್ಕಿದರು. ಫೆಬ್ರವರಿ 11ಕ್ಕೆ ದಿಲ್ಲಿಯಲ್ಲಿ ತೀರಿಕೊಂಡರು. ನಮ್ಮ ಕಡೆ ಆ ವಾರ ಯಾವ ಮನೆಯಲ್ಲಿ ದೀಪ ಹಚ್ಚಿರಲಿಲ್ಲ ಹೇಳಿ.

ಆಗ ಸಿಯಾಚಿನ್‌ನಲ್ಲಿ ಗುಂಡಿನ ಸದ್ದು ಇರಲಿಲ್ಲ. 2003ರ ಕದನವಿರಾಮ ಅಲ್ಲಿಗೂ ಸೇರಿತ್ತು. ಹಾಗಾದರೆ ಅಷ್ಟು ಮೇಲೆ ನಮ್ಮ ಹುಡುಗರು ಯಾಕೆ ಕೂರಬೇಕಾಯಿತು? ಉತ್ತರ 1949ರ ಆ ಗೆರೆಯಲ್ಲಿದೆ. ಕರಾಚಿಯಲ್ಲಿ ಕೂತು ಗೆರೆ ಎಳೆದವರು ನಕ್ಷೆಯಲ್ಲಿ ಎನ್‌ಜೆ 9842 ಅಂತ ಕರೆಯುವ ಬಿಂದುವಿನ ತನಕ ತಂದು ನಿಲ್ಲಿಸಿದರು. ಅಲ್ಲಿಂದ ಮುಂದೆ ‘ಉತ್ತರಕ್ಕೆ ಹಿಮನದಿಗಳ ಕಡೆಗೆ’ ಅಂತ ಬರೆದು ಬಿಟ್ಟರು. ಆ ಮಂಜಿನಲ್ಲಿ ಯಾರು ಹೋಗಿ ಕೂರುತ್ತಾರೆ ಅಂತ ಇರಬೇಕು. ಉತ್ತರಕ್ಕೆ ಅಂದರೆ ನೇರ ಉತ್ತರಕ್ಕಾ, ಬೆಟ್ಟದ ಸಾಲು ಹಿಡಿದಾ ಅನ್ನೋದು ಮೂವತ್ತೈದು ವರ್ಷದ ಮೇಲೆ ಜಗಳವಾಯಿತು. 1984ರ ಏಪ್ರಿಲ್ 13ರಂದು ಭಾರತದ ಸೇನೆ ಮೇಲೇರಿತು. ಅಂದಿನಿಂದ ಇಂದಿನ ತನಕ ಅಲ್ಲಿ ಗುಂಡಿಗಿಂತ ಚಳಿ, ಹಿಮ ಕೊಂದದ್ದೇ ಜಾಸ್ತಿ.

ಕದನವಿರಾಮದ ಕಾಗದದಲ್ಲಿ ಅರ್ಧ ಸಾಲು ಬಿಟ್ಟರೆ ಏನಾಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಬೆಟದೂರಿನ ಹೆಸರು ಹೇಳುತ್ತೇನೆ. ಆ ಹುಡುಗಿಗೂ ಅದನ್ನೇ ಹೇಳಿದೆ.

ಯಾರಾದರೂ ಮುರಿದರೆ ಕೂಡಲೇ ಯುದ್ಧ ಶುರು ಮಾಡಬಹುದಾ?

ಸೇನೆಯೇ ದೊಡ್ಡದಾಗಿ ಮುರಿದರೆ ಎದುರಿನವರು ಒಪ್ಪಂದ ರದ್ದು ಅನ್ನಬಹುದು, ತುರ್ತಿದ್ದರೆ ಕೂಡಲೇ ಹೊಡೆಯಲೂಬಹುದು. ಆದರೆ ಯಾವನೋ ಒಬ್ಬ ತನ್ನ ಬುದ್ಧಿಗೆ ಗುಂಡು ಹಾರಿಸಿದರೆ ಆಗಲ್ಲ. ಅವನಿಗೆ ಶಿಕ್ಷೆ ಕೊಡಿ, ನಷ್ಟ ಕೊಡಿ ಅಂತ ಕೇಳಬೇಕು. ಹೇಗ್ ನಿಯಮದ 40, 41ನೇ ಕಲಮು.

ಬೇಕೆಂದೇ ಮುರಿದದ್ದಕ್ಕೆ ವಿಯೆಟ್ನಾಂ ನೋಡಿ. 1968ರಲ್ಲಿ ಅವರ ಹೊಸ ವರ್ಷದ ಟೆಟ್ ಹಬ್ಬಕ್ಕೆ ಎರಡೂ ಕಡೆ ಕದನವಿರಾಮ ಅಂದಿದ್ದರು. ದಕ್ಷಿಣದ ಸೈನಿಕರು ರಜೆ ಹಾಕಿ ಊರಿಗೆ ಹೋಗಿದ್ದರು. ಜನವರಿ 30, 31ರಂದು ಉತ್ತರದ ಕಡೆಯವರಿಂದ ನೂರಕ್ಕೂ ಹೆಚ್ಚು ಊರುಗಳ ಮೇಲೆ ದಾಳಿ ಆಯಿತು. ದೀಪಾವಳಿ ಪಾಡ್ಯಕ್ಕೆ ಬಾಗಿಲು ತೆಗೆದಿಟ್ಟ ಮನೆಗೆ ನುಗ್ಗಿದ ಹಾಗೆ.

ಒಳ್ಳೆ ಕೆಲಸಕ್ಕೆ ಅಂತ ನಿಲ್ಲಿಸಿದ್ದು ಇಲ್ವಾ?

ಇದೆ. ಎಲ್ ಸಾಲ್ವಡಾರ್‌ನಲ್ಲಿ ಅಂತರ್ಯುದ್ಧ ಜೋರಾಗಿದ್ದಾಗ, 1985ರಲ್ಲಿ ಮೂರು ದಿನ ಮಕ್ಕಳಿಗೆ ಲಸಿಕೆ ಹಾಕಲು ಎರಡೂ ಕಡೆ ಬಂದೂಕು ಕೆಳಗಿಟ್ಟರು. ಯುನಿಸೆಫ್ ಕೇಳಿತು, ಚರ್ಚಿನವರು ನಡುವೆ ಓಡಾಡಿದರು. ಮುಂದೆ ಯುದ್ಧ ಮುಗಿಯುವ ತನಕ ಪ್ರತಿ ವರ್ಷ ನಡೆಯಿತು.

ಸುಡಾನ್‌ನಲ್ಲಿ 1995ರದ್ದು ನಾರುಹುಣ್ಣಿಗಾಗಿ. ನಿಮ್ಮ ಅಜ್ಜ, ಅಜ್ಜಿಯನ್ನು ಕೇಳಿ, ಆ ಹೆಸರು ಗೊತ್ತಿರಬಹುದು. ಕೆರೆ ನೀರು, ಮೆಟ್ಟಿಲು ಬಾವಿ ನೀರು ಕುಡಿದವರ ಕಾಲಿನಿಂದ ದಾರದಂಥ ಹುಳ ಹೊರಗೆ ಬರುತ್ತಿತ್ತು. ನಮ್ಮ ದೇಶದಲ್ಲಿ ಅದು ನಿರ್ನಾಮ ಆಗಿದೆ ಅಂತ 2000ದಲ್ಲಿ ಪ್ರಮಾಣಪತ್ರ ಸಿಕ್ಕಿತು. ಸುಡಾನ್‌ನಲ್ಲಿ ನೀರು ಸೋಸುವ ಬಟ್ಟೆ ಹಂಚಲು ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಎರಡು ತಿಂಗಳ ವಿರಾಮ ಕೇಳಿದರು. ಅದು ಸುಮಾರು ಆರು ತಿಂಗಳು ನಡೆಯಿತು. ಹುಳದ ಹೆಸರಲ್ಲಿ ಆರು ತಿಂಗಳು!

ಮಧ್ಯಸ್ಥಗಾರ ಅಂದ್ರೆ ದೊಡ್ಡ ದೇಶನೇ ಆಗಬೇಕಾ?

ಬೇಕಿಲ್ಲ. ಶ್ರೀಲಂಕಾದಲ್ಲಿ 2002ರಲ್ಲಿ ಕೂಡಿಸಿದ್ದು ನಾರ್ವೆ, ಅದೇನು ಹೆದರಿಸುವಂಥ ದೇಶವಲ್ಲ. ಉಳಿಯಲಿಲ್ಲ ಅನ್ನೋದೂ ನಿಜ, 2008ಕ್ಕೆ ಮುರಿಯಿತು. ಇಬ್ಬರ ಮನೆ ಬಾಗಿಲಿಗೂ ಹೋಗಬಲ್ಲವನು ಬೇಕು, ಸರಿಯಾದ ಹೊತ್ತಿಗೆ ಹೋಗಬೇಕು.

ನಮ್ಮ ಊರಲ್ಲಿ, ಕುಂದಗೋಳ ತಾಲ್ಲೂಕಿನ ಸಣ್ಣ ಹಳ್ಳಿ, ನನ್ನ ದೊಡ್ಡಪ್ಪನ ಮಕ್ಕಳಿಬ್ಬರು ಬದುವಿನ ಸಲುವಾಗಿ ಹತ್ತು ವರ್ಷದಿಂದ ಜಗಳ. ಒಬ್ಬನ ನೇಗಿಲು ಪ್ರತಿ ವರ್ಷ ಒಂದು ಗೇಣು ಆ ಕಡೆ ಹೋಗುತ್ತದೆ ಅಂತ ಇನ್ನೊಬ್ಬನ ದೂರು. ಕೈ ಕೈ ಮಿಲಾಯಿಸಿದ್ದೂ ಆಗಿದೆ. ಒಂದು ವರ್ಷ ಮಿರಗ ಮಳೆ ಚೆನ್ನಾಗಿ ಆಯಿತು. ಎರಿ ಹೊಲ, ಹದ ಎರಡೋ ಮೂರೋ ದಿನ. ಇಬ್ಬರೂ ಬದುವಿನ ಮೇಲೆ ಕುಡಗೋಲು ಹಿಡಿದು ನಿಂತಿದ್ದಾರೆ, ಒಬ್ಬರೂ ಕೂರಿಗೆ ಹೂಡಿಲ್ಲ. ಆಗ ನಮ್ಮ ಸೋದರತ್ತೆ, ಎಪ್ಪತ್ತು ದಾಟಿದ ಮುದುಕಿ, ಬುತ್ತಿ ಗಂಟು ಹೊತ್ತುಕೊಂಡು ಹೊಲಕ್ಕೆ ಬಂದಳು. ನಾನೂ ಹಿಂದೆ ಇದ್ದೆ.

‘ಹೆಸರು ಬಿತ್ತೂದು ಮುಗೀಲಿ, ಆಮ್ಯಾಲ ಬಡದಾಡ್ರಿ. ಹದ ನಿಮ್ಮಪ್ಪನ ಆಳಲ್ಲ, ನಿಂದ್ರೂದಿಲ್ಲ’ ಅಂದಳು. ಬದುವಿನ ಈ ಕಡೆ ಮೂರು ಸಾಲು, ಆ ಕಡೆ ಮೂರು ಸಾಲು ಬಿಟ್ಟು ಬಿತ್ತಬೇಕು ಅಂತ ತಾನೇ ಹೆಜ್ಜೆ ಹಾಕಿ ಅಳೆದು, ಎಕ್ಕೆ ಗಿಡದ ಕಟ್ಟಿಗೆ ಚುಚ್ಚಿದಳು. ಆಮೇಲೆ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದಳು. ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಇಬ್ಬರೂ ಬೇರೆ ಬೇರೆ ಕಡೆ ಮುಖ ಮಾಡಿ ಉಂಡರು.

ಆ ವರ್ಷ ಹೆಸರು ಚೆನ್ನಾಗಿ ಬಂತು. ನಡುವಿನ ಆ ಆರು ಸಾಲಿನಲ್ಲಿ ಹುಲ್ಲು ಬೆಳೆಯಿತು, ಅದನ್ನು ಅತ್ತೆಯ ಎಮ್ಮೆ ಮೇಯಿತು. ಈಗ ಪ್ರತಿ ವರ್ಷ ಬಿತ್ತುವ ಹೊತ್ತಿಗೆ ಅದೇ ಕರಾರು. ಕೇಸು ಇನ್ನೂ ಕೋರ್ಟಿನಲ್ಲಿದೆ. ಮುಂದಿನ ತಾರೀಖು ಕಾರಹುಣ್ಣಿಮೆ ಕಳೆದ ಮೇಲೆ.